ಓಆರ್‌ಎಂ ಕ್ವೆರಿಗಳಲ್ಲಿ ನಲ್ ಹೋಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಓಆರ್‌ಎಂ ಎಂದರೆ ಪ್ರೋಗ್ರಾಮಿನ ಕೋಡನ್ನು ಡೇಟಾಬೇಸಿನ ಭಾಷೆಯಾದ ಎಸ್‌ಕ್ಯುಎಲ್‌ಗೆ ತರ್ಜುಮೆ ಮಾಡುವ ಸಲಕರಣೆ; ಕ್ವೆರಿ ಎಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆ. ಈ ಪುಟದ ಉದಾಹರಣೆಗಳಿಗೆಲ್ಲ ಒಂದೇ ಕೋಷ್ಟಕ ಆಧಾರ. ಬದಿಯಡ್ಕದ ಆಸುಪಾಸಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಘವೊಂದಿದೆ ಎಂದು ಕಲ್ಪಿಸಿಕೊಳ್ಳಿ. ಅದರ ಸದಸ್ಯರ ಕೋಷ್ಟಕದಲ್ಲಿ ಹೆಸರು, ಮನೆ ಹೆಸರು, ಮನೆಯಿರುವ ತಾಲೂಕು, ತೋಟವಿರುವ ತಾಲೂಕು, ಸೂಚನಾ ಭಾಷೆ, ಮೊಬೈಲ್ ಸಂಖ್ಯೆ, ಸದಸ್ಯತ್ವ ರದ್ದಾದ ದಿನ ಎಂಬ ಕಾಲಂಗಳಿವೆ. ಮಹಾಸಭೆಯ ನೋಟೀಸು ಮತ್ತು ಖರೀದಿ ದರದ ಎಸ್ಸೆಮ್ಮೆಸ್ ಯಾವ ಭಾಷೆಯಲ್ಲಿ ಹೋಗಬೇಕು ಎಂಬುದನ್ನು ಸೂಚನಾ ಭಾಷೆಯ ಕಾಲಂ ಹೇಳುತ್ತದೆ; ಕಾಸರಗೋಡು ಜಿಲ್ಲೆಯಲ್ಲಿ ಇದು ಅಲಂಕಾರಕ್ಕೆ ಇಟ್ಟ ಕಾಲಂ ಅಲ್ಲ. ಲೆಕ್ಕ ಸುಲಭವಾಗಲೆಂದು 10 ಮಂದಿ ಸದಸ್ಯರನ್ನಷ್ಟೇ ಇಟ್ಟುಕೊಳ್ಳೋಣ: 4 ಮಂದಿಯ ಭಾಷೆ ಕನ್ನಡ, 3 ಮಂದಿಯದು ಮಲಯಾಳ, ಉಳಿದ 3 ಮಂದಿ ಅರ್ಜಿಯಲ್ಲಿ ಆ ಜಾಗವನ್ನು ತುಂಬಿಲ್ಲವಾದ್ದರಿಂದ ಅಲ್ಲಿ ನಲ್, ಅಂದರೆ ಬೆಲೆಯೇ ಇಲ್ಲ ಎಂಬ ಗುರುತು, ಇದೆ. ಆಜ್ಞೆಗಳ ಹೆಸರುಗಳನ್ನು ಓದುವಾಗ ಹೇಳುವ ಹಾಗೆಯೇ ಬರೆದಿದೆ.

‘ಮಲಯಾಳ ಅಲ್ಲದವರು’ ಎಂದು ಕೇಳಿದರೆ ಭಾಷೆ ತುಂಬದವರು ಏಕೆ ಬರುವುದಿಲ್ಲ?

ಭಾಷೆ ಮಲಯಾಳಕ್ಕೆ ಸಮ ಎಂಬ ಷರತ್ತಿಗೆ 3 ಸಾಲುಗಳು ಬರುತ್ತವೆ. ಸಮವಲ್ಲ ಎಂಬ ಷರತ್ತಿಗೆ 4 ಸಾಲುಗಳು ಬರುತ್ತವೆ. ಎರಡನ್ನೂ ಕೂಡಿಸಿದರೆ 7 ಆಗುತ್ತದೆ, ಕೋಷ್ಟಕದಲ್ಲಿರುವುದು 10. ಒಂದು ಷರತ್ತು ಮತ್ತು ಅದರ ನಿರಾಕರಣೆ ಸೇರಿದರೆ ಇಡೀ ಕೋಷ್ಟಕವೇ ಆಗಬೇಕು ಎಂದು ಎಣಿಸಿದವರಿಗೆ ಇದು ಡೇಟಾಬೇಸಿನ ದೋಷದಂತೆ ಕಾಣುತ್ತದೆ, ಆದರೆ ಡೇಟಾಬೇಸ್ ಇಲ್ಲಿ ತನ್ನ ನಿಯಮವನ್ನು ಅಕ್ಷರಶಃ ಪಾಲಿಸಿದೆ.

ಎಸ್‌ಕ್ಯುಎಲ್‌ನಲ್ಲಿ ಷರತ್ತಿಗೆ ಎರಡಲ್ಲ, ಮೂರು ಉತ್ತರಗಳಿವೆ: ನಿಜ, ಸುಳ್ಳು, ತಿಳಿಯದು. ನಲ್ ಇರುವ ಒಂದು ಸಾಲನ್ನು ಹಿಡಿದು ನೋಡೋಣ. ‘ನಲ್ = ಮಲಯಾಳ’ ಎಂಬುದಕ್ಕೆ ಉತ್ತರ ‘ತಿಳಿಯದು’. ‘ನಲ್ != ಮಲಯಾಳ’ ಎಂಬುದಕ್ಕೂ ಉತ್ತರ ‘ತಿಳಿಯದು’. ಮೊದಲನೆಯದರ ಮುಂದೆ ‘ನಾಟ್’ ಸೇರಿಸಿದರೂ ‘ತಿಳಿಯದು’ ಎಂಬುದು ‘ತಿಳಿಯದು’ ಆಗಿಯೇ ಉಳಿಯುತ್ತದೆ. ‘ವೇರ್’ ಭಾಗವಾದರೋ ಉತ್ತರ ಖಚಿತವಾಗಿ ‘ನಿಜ’ ಆಗಿರುವ ಸಾಲುಗಳನ್ನು ಮಾತ್ರ ಒಳಗೆ ಬಿಡುತ್ತದೆ. ‘ಸುಳ್ಳು’ ಮತ್ತು ‘ತಿಳಿಯದು’ ಎರಡೂ ಅದರ ಮಟ್ಟಿಗೆ ಹೊರಗಿನವೇ. ಹೀಗಾಗಿ ಭಾಷೆ ತುಂಬದ 3 ಮಂದಿ ಎರಡೂ ಪಟ್ಟಿಗಳಿಂದ ಹೊರಗುಳಿಯುತ್ತಾರೆ, ಅವರಿಗೆ ಮಲಯಾಳದ ನೋಟೀಸೂ ಹೋಗುವುದಿಲ್ಲ, ಕನ್ನಡದ ನೋಟೀಸೂ ಹೋಗುವುದಿಲ್ಲ. ಮಹಾಸಭೆ ಮುಗಿದ ಮೇಲೆ ‘ನಮಗೆ ತಿಳಿಸಲೇ ಇಲ್ಲ’ ಎಂದು ಅವರು ಕೌಂಟರಿನ ಮುಂದೆ ಬಂದು ನಿಂತಾಗ ಪ್ರೋಗ್ರಾಮಿನಲ್ಲಿ ಎಲ್ಲಿಯೂ ಎರರ್ ದಾಖಲಾಗಿರುವುದಿಲ್ಲ, ಏಕೆಂದರೆ ಎರರ್ ಆಗಿಯೇ ಇಲ್ಲ. ನಲ್ ಹೋಲಿಕೆಯ ತಪ್ಪುಗಳನ್ನು ಹುಡುಕುವುದು ಕಷ್ಟವಾಗುವುದು ಈ ಮೌನದಿಂದಲೇ.

ಸಂಬಂಧಾತ್ಮಕ ಡೇಟಾಬೇಸಿನ ಮಾದರಿಯನ್ನು 1970ರಲ್ಲಿ ಮುಂದಿಟ್ಟ ಎಡ್ಗರ್ ಕಾಡ್ ಅವರು 1979ರ ಪ್ರಬಂಧದಲ್ಲಿ ನಲ್ ಮತ್ತು ಮೂರು ಉತ್ತರಗಳ ತರ್ಕವನ್ನು ವಿವರಿಸಿದರು. ಅವರ ಸಹವರ್ತಿಯಾಗಿದ್ದ ಕ್ರಿಸ್ ಡೇಟ್ ಅವರು ನಲ್ ಇರಲೇಬಾರದು ಎಂದು ದಶಕಗಳ ಕಾಲ ವಾದಿಸಿದ್ದಾರೆ. ಆ ವಾದದಲ್ಲಿ ಹುರುಳಿದೆ ಎಂದು ನನಗೂ ಅನ್ನಿಸುತ್ತದೆ, ಆದರೆ ನಮ್ಮ ಕೈಗೆ ಬಂದಿರುವ ಡೇಟಾಬೇಸುಗಳೆಲ್ಲ ಕಾಡ್ ಅವರ ದಾರಿಯನ್ನು ಹಿಡಿದವು.

ಪರಿಹಾರಕ್ಕೆ ಹೊರಡುವ ಮೊದಲು ಒಂದು ತೀರ್ಮಾನ ಆಗಬೇಕು. ‘ಮಲಯಾಳ ಎಂದು ಬರೆಸದ ಎಲ್ಲರೂ’ ಬೇಕೇ, ಅಥವಾ ‘ಮಲಯಾಳವಲ್ಲದ ಬೇರೊಂದು ಭಾಷೆಯನ್ನು ಬರೆಸಿದವರು’ ಬೇಕೇ? ಮೊದಲನೆಯದಾದರೆ ‘ಭಾಷೆ != ಮಲಯಾಳ ಆರ್ ಭಾಷೆ ಈಸ್ ನಲ್’ ಎಂದು ಬಾಯಿಬಿಟ್ಟು ಬರೆಯಬೇಕು. ಎರಡನೆಯದಾದರೆ ಈಗಿರುವ ಷರತ್ತೇ ಸಾಕು. ಈ ತೀರ್ಮಾನವನ್ನು ಮಾಡಬೇಕಾದವರು ಸಂಘದ ಕಾರ್ಯದರ್ಶಿ, ಪ್ರೋಗ್ರಾಮರ್ ಅಲ್ಲ. ಕೇಳದೆ ಬಿಟ್ಟರೆ ಓಆರ್‌ಎಂ ತಾನೇ ತೀರ್ಮಾನಿಸಿಬಿಡುತ್ತದೆ, ಮತ್ತು ಒಂದೊಂದು ಓಆರ್‌ಎಂ ಒಂದೊಂದು ಬಗೆಯಲ್ಲಿ ತೀರ್ಮಾನಿಸುತ್ತದೆ.

ಒಂದೇ ‘ಅಲ್ಲ’ ಎಂಬ ಷರತ್ತಿಗೆ ಬೇರೆ ಬೇರೆ ಓಆರ್‌ಎಂಗಳು ಬೇರೆ ಬೇರೆ ಉತ್ತರ ಕೊಡುತ್ತವೆಯೇ?

ಕೊಡುತ್ತವೆ, ಮತ್ತು ಒಂದು ಪ್ರಾಜೆಕ್ಟಿನಿಂದ ಇನ್ನೊಂದಕ್ಕೆ ಹೋಗುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಮುಂದೆ ಬರುವ ಜಾಂಗೋ, ರೇಲ್ಸ್ ಮುಂತಾದ ಹೆಸರುಗಳು ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳ ಓಆರ್‌ಎಂಗಳು, ಇಲ್ಲವೇ ಅವನ್ನು ಒಳಗೊಂಡ ಚೌಕಟ್ಟುಗಳು.

ಜಾಂಗೋದಲ್ಲಿ ‘ಎಕ್ಸ್‌ಕ್ಲೂಡ್’ ಬಳಸಿ ಮಲಯಾಳವನ್ನು ತೆಗೆದುಹಾಕಿದರೆ 7 ಸಾಲುಗಳು ಬರುತ್ತವೆ. ಕಾಲಂನಲ್ಲಿ ನಲ್ ಇರಬಹುದು ಎಂದು ಮಾಡೆಲ್ (ಕೋಷ್ಟಕವನ್ನು ವಿವರಿಸುವ ಕೋಡ್) ಹೇಳಿದ್ದರೆ ಜಾಂಗೋ ‘ನಾಟ್’ ಒಳಗಡೆಯ ಷರತ್ತಿಗೆ ‘ಆಂಡ್ ಭಾಷೆ ಈಸ್ ನಾಟ್ ನಲ್’ ಎಂಬ ತುಂಡನ್ನು ತಾನಾಗಿ ಸೇರಿಸುತ್ತದೆ; ನಲ್ ಇರುವ ಸಾಲಿಗೆ ಆ ತುಂಡು ‘ಸುಳ್ಳು’ ಆಗುವುದರಿಂದ ಇಡೀ ಒಳಷರತ್ತು ‘ಸುಳ್ಳು’ ಆಗಿ, ಹೊರಗಿನ ‘ನಾಟ್’ ಅದನ್ನು ‘ನಿಜ’ ಮಾಡುತ್ತದೆ. ‘ಕ್ಯೂ’ ವಸ್ತುವಿನ ಮುಂದೆ ಅಲೆಯ ಚಿಹ್ನೆ ಇಟ್ಟು ನಿರಾಕರಿಸಿದರೂ ಇದೇ ಫಲ.

ರೇಲ್ಸ್‌ನ ಆಕ್ಟಿವ್ ರೆಕಾರ್ಡ್‌ನಲ್ಲಿ ‘ವೇರ್ ನಾಟ್’ ಬಳಸಿದರೆ ಬರಿಯ ‘!=’ ಹೋಗುತ್ತದೆ, 4 ಸಾಲುಗಳು ಬರುತ್ತವೆ. ಎಸ್‌ಕ್ಯುಎಲ್‌ಆಲ್ಕೆಮಿಯಲ್ಲಿಯೂ, ಲಾರಾವೆಲ್‌ನ ಎಲೊಕ್ವೆಂಟ್‌ನಲ್ಲಿಯೂ, ಪ್ರಿಸ್ಮಾದಲ್ಲಿಯೂ ಹೀಗೆಯೇ. ಎಂಟಿಟಿ ಫ್ರೇಮ್‌ವರ್ಕ್ ಕೋರ್ ಮತ್ತೆ ಜಾಂಗೋದ ಪಕ್ಷ: ಸಿ-ಶಾರ್ಪ್ ಭಾಷೆಯಲ್ಲಿ ನಲ್ ಮತ್ತು ‘ಮಲಯಾಳ’ ಸಮವಲ್ಲ ಎಂಬುದು ನಿಜವಾದ್ದರಿಂದ, ಡೇಟಾಬೇಸಿನಿಂದಲೂ ಅದೇ ಉತ್ತರ ಬರಲೆಂದು ಅದು ‘ಆರ್ ಭಾಷೆ ಈಸ್ ನಲ್’ ಎಂಬುದನ್ನು ಜೋಡಿಸಿ ಕಳುಹಿಸುತ್ತದೆ. ‘ಯೂಸ್ ರಿಲೇಷನಲ್ ನಲ್ಸ್’ ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ ಈ ಜೋಡಣೆ ನಿಂತು ಬರಿಯ ಎಸ್‌ಕ್ಯುಎಲ್ ನಡತೆ ಸಿಗುತ್ತದೆ. ಹಳೆಯ ಕೋಡ್ ಇರುವ ಪ್ರಾಜೆಕ್ಟಿನಲ್ಲಿ ಇದನ್ನು ಮಧ್ಯದಲ್ಲಿ ಬದಲಾಯಿಸಿದರೆ ಎಷ್ಟು ಕ್ವೆರಿಗಳ ಫಲ ಸದ್ದಿಲ್ಲದೆ ಬದಲಾಗುತ್ತದೆ ಎಂಬುದನ್ನು ಮೊದಲು ಯೋಚಿಸಬೇಕು.

ಇವುಗಳಲ್ಲಿ ಯಾವುದು ಸರಿ ಎಂದು ಕೇಳಿದರೆ, ಎರಡೂ ಸಮರ್ಥನೀಯ. ಆದರೆ ತಂಡದಲ್ಲಿ ಒಬ್ಬರು ರೇಲ್ಸ್‌ನಿಂದ, ಇನ್ನೊಬ್ಬರು ಜಾಂಗೋದಿಂದ ಬಂದಿದ್ದರೆ, ನಲ್ ಬರಬಹುದಾದ ಕಾಲಂನ ಮೇಲೆ ‘ಅಲ್ಲ’ ಎಂಬ ಷರತ್ತನ್ನು ಬರೆಯುವಾಗ ನಲ್ ಬೇಕೋ ಬೇಡವೋ ಎಂಬುದನ್ನು ಪ್ರತ್ಯೇಕ ಷರತ್ತಾಗಿ ಬರೆಯುವ ಪದ್ಧತಿ ಇಟ್ಟುಕೊಳ್ಳುವುದು ಒಳ್ಳೆಯದು. ಓಆರ್‌ಎಂ ಹೇಗೂ ಸೇರಿಸುತ್ತದೆ ಎಂದಾದರೂ ಅದು ವ್ಯರ್ಥವಲ್ಲ. ಓದುವವರಿಗೆ ಉದ್ದೇಶ ತಿಳಿಯುತ್ತದೆ.

ನಲ್ ಎಂದರೆ ಖಾಲಿ ಸ್ಟ್ರಿಂಗ್ ಅಥವಾ ಸೊನ್ನೆಯೇ?

ಅಲ್ಲ. ಖಾಲಿ ಸ್ಟ್ರಿಂಗ್, ಅಂದರೆ ಒಂದಕ್ಷರವೂ ಇಲ್ಲದ ಪಠ್ಯ, ಒಂದು ಬೆಲೆ, ಅದು ಇನ್ನೊಂದು ಖಾಲಿ ಸ್ಟ್ರಿಂಗಿಗೆ ಸಮ. ಸೊನ್ನೆಯೂ ಒಂದು ಬೆಲೆ: ಈ ಸಲ ಒಂದು ಕಿಲೋ ಅಡಿಕೆಯನ್ನೂ ತಂದಿಲ್ಲ ಎಂಬುದು ಸೊನ್ನೆ, ತಂದದ್ದನ್ನು ಯಾರೂ ದಾಖಲಿಸಿಲ್ಲ ಎಂಬುದು ನಲ್. ಡೇಟಾಬೇಸುಗಳ ಪೈಕಿ ಒರಾಕಲ್ ಮಾತ್ರ ಖಾಲಿ ಸ್ಟ್ರಿಂಗನ್ನು ನಲ್ ಎಂದೇ ಉಳಿಸಿಕೊಳ್ಳುತ್ತದೆ, ಆದ್ದರಿಂದ ಪೋಸ್ಟ್‌ಗ್ರೆಸ್‌ನಲ್ಲಿ ಸರಿಯಾಗಿದ್ದ ‘ಖಾಲಿಗೆ ಸಮ’ ಎಂಬ ಷರತ್ತು ಅಲ್ಲಿ ಏನನ್ನೂ ಹಿಂದಿರುಗಿಸುವುದಿಲ್ಲ.

‘ಈಸ್ ನಲ್’ ಎಂದು ಬರೆಯುವ ಬದಲು ‘= ನಲ್’ ಎಂದು ಬರೆದರೆ ಓಆರ್‌ಎಂ ಸರಿಪಡಿಸುತ್ತದೆಯೇ?

ಹೆಚ್ಚಿನವು ಸರಿಪಡಿಸುತ್ತವೆ, ಒಂದು ಮಿತಿಯೊಳಗೆ. ಜಾಂಗೋದ ‘ಫಿಲ್ಟರ್’ಗೆ ಪೈಥಾನಿನಲ್ಲಿ ನಲ್ ಜಾಗದಲ್ಲಿರುವ ‘ನನ್’ ಕೊಟ್ಟರೆ ‘ಈಸ್ ನಲ್’ ಆಗುತ್ತದೆ. ಆಕ್ಟಿವ್ ರೆಕಾರ್ಡ್‌ನ ‘ವೇರ್’ಗೆ ‘ನಿಲ್’ ಕೊಟ್ಟರೂ, ಎಲೊಕ್ವೆಂಟ್‌ನ ‘ವೇರ್’ಗೆ ‘ನಲ್’ ಕೊಟ್ಟರೂ, ಎಸ್‌ಕ್ಯುಎಲ್‌ಆಲ್ಕೆಮಿಯಲ್ಲಿ ಕಾಲಂನ್ನು ‘== ನನ್’ ಎಂದು ಹೋಲಿಸಿದರೂ ಹಾಗೆಯೇ. ಜಾಂಗೋದಲ್ಲಿ ‘ಗಿಂತ ಹೆಚ್ಚು’, ‘ಒಳಗೊಂಡಿದೆ’ ಮುಂತಾದ ಇತರ ಹೋಲಿಕೆಗಳಿಗೆ ‘ನನ್’ ಕೊಟ್ಟರೆ ಎರರ್ ಬರುತ್ತದೆ. ಸದ್ದಿಲ್ಲದೆ ತಪ್ಪು ಉತ್ತರ ಕೊಡುವುದಕ್ಕಿಂತ ಇದು ಎಷ್ಟೋ ಮೇಲು.

ಮಿತಿ ಯಾವುದೆಂದರೆ, ಕ್ವೆರಿಯನ್ನು ಕಟ್ಟುವ ಹೊತ್ತಿನಲ್ಲಿ ಬೆಲೆ ನಲ್ ಎಂದು ಓಆರ್‌ಎಂಗೆ ಗೊತ್ತಿರಬೇಕು. ರೇಲ್ಸ್‌ನಲ್ಲಿ ಷರತ್ತನ್ನು ಸ್ಟ್ರಿಂಗಾಗಿ ಬರೆದು ಪ್ರಶ್ನಾರ್ಥಕ ಚಿಹ್ನೆಯ ಜಾಗಕ್ಕೆ ‘ನಿಲ್’ ಕಳುಹಿಸಿದರೆ ‘= ನಲ್’ ಎಂದೇ ಹೋಗುತ್ತದೆ. ಎಸ್‌ಕ್ಯುಎಲ್‌ಆಲ್ಕೆಮಿಯಲ್ಲಿ ಬೆಲೆಯನ್ನು ನಂತರ ತುಂಬುವ ‘ಬೈಂಡ್‌ಪ್ಯಾರಮ್’ ಇಟ್ಟು, ನಡೆಸುವಾಗ ‘ನನ್’ ಕೊಟ್ಟರೂ ಇದೇ ಗತಿ. ಜಾವಾದ ಜೆಪಿಕ್ಯುಎಲ್‌ನಲ್ಲಿ ‘ಭಾಷೆ = :ಭಾಷೆ’ ಎಂದು ಕೈಯಾರೆ ಬರೆದ ಕ್ವೆರಿಗೆ ನಲ್ ಕಳುಹಿಸಿದರೆ ಒಂದು ಸಾಲೂ ಬರುವುದಿಲ್ಲ; ಅದೇ ಸ್ಪ್ರಿಂಗ್ ಡೇಟಾ ಜೆಪಿಎಯಲ್ಲಿ ಮೆಥಡ್‌ನ ಹೆಸರಿನಿಂದಲೇ ಹುಟ್ಟುವ ‘ಫೈಂಡ್ ಬೈ’ ಕ್ವೆರಿಗೆ ನಲ್ ಕೊಟ್ಟರೆ ‘ಈಸ್ ನಲ್’ ಆಗುತ್ತದೆ. ಒಂದೇ ರೆಪಾಸಿಟರಿಯಲ್ಲಿ ಅಕ್ಕಪಕ್ಕ ಇರುವ ಎರಡು ಮೆಥಡ್‌ಗಳು ಹೀಗೆ ಬೇರೆ ಬೇರೆಯಾಗಿ ನಡೆದುಕೊಳ್ಳುವುದು ಕೋಡ್ ಪರಿಶೀಲಿಸುವವರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ.

ಡೇಟಾಬೇಸಿನ ಸೆಟ್ಟಿಂಗ್ ಬದಲಾಯಿಸಿ ‘= ನಲ್’ ಕೆಲಸ ಮಾಡುವಂತೆ ಮಾಡಬಹುದೇ?

ಪೋಸ್ಟ್‌ಗ್ರೆಸ್‌ನಲ್ಲಿ ‘ಟ್ರಾನ್ಸ್‌ಫಾರ್ಮ್ ನಲ್ ಈಕ್ವಲ್ಸ್’ ಎಂಬುದೂ ಎಸ್‌ಕ್ಯುಎಲ್ ಸರ್ವರ್‌ನಲ್ಲಿ ‘ಆನ್ಸಿ ನಲ್ಸ್’ ಎಂಬುದೂ ಇವೆ. ಎರಡನ್ನೂ ಮುಟ್ಟದಿರುವುದು ಲೇಸು. ಮೊದಲನೆಯದು ನಲ್ ಎಂದು ನೇರವಾಗಿ ಬರೆದಿರುವಲ್ಲಿ ಮಾತ್ರ ಕೆಲಸ ಮಾಡುತ್ತದೆ, ಎರಡನೆಯದನ್ನು ಆಫ್ ಮಾಡುವುದನ್ನು ಕೈಬಿಡಬೇಕೆಂದು ಮೈಕ್ರೋಸಾಫ್ಟ್ ತನ್ನ ದಾಖಲೆಗಳಲ್ಲಿಯೇ ಹೇಳಿದೆ.

ಲಿಂಟರ್ ‘== ನನ್’ ಬೇಡ ಎನ್ನುತ್ತದೆ. ಅದರ ಮಾತು ಕೇಳಬೇಕೇ?

ಲಿಂಟರ್ ಎಂದರೆ ಕೋಡಿನ ತಪ್ಪುಗಳನ್ನು ಎತ್ತಿ ತೋರಿಸುವ ಸಲಕರಣೆ. ಅದರ ಮಾತನ್ನು ಸಾಮಾನ್ಯ ಪೈಥಾನ್ ಕೋಡಿನಲ್ಲಿ ಕೇಳಬೇಕು, ಎಸ್‌ಕ್ಯುಎಲ್‌ಆಲ್ಕೆಮಿಯ ಕ್ವೆರಿಯ ಒಳಗೆ ಕುರುಡಾಗಿ ಕೇಳಬಾರದು. ‘==’ ಎಂಬುದಕ್ಕೆ ಹೊಸ ಅರ್ಥ ಕೊಡಲು ಪೈಥಾನ್ ಅವಕಾಶ ಕೊಡುತ್ತದೆ, ಅದನ್ನು ಬಳಸಿಕೊಂಡೇ ಎಸ್‌ಕ್ಯುಎಲ್‌ಆಲ್ಕೆಮಿ ‘ಈಸ್ ನಲ್’ ಹುಟ್ಟಿಸುತ್ತದೆ. ಆದರೆ ಪೈಥಾನಿನ ‘ಈಸ್’ ಎಂಬ ಪದಕ್ಕೆ ಯಾರೂ ಹೊಸ ಅರ್ಥ ಕೊಡುವಂತಿಲ್ಲ. ಲಿಂಟರಿನ ಇ711 ಎಂಬ ಎಚ್ಚರಿಕೆಯನ್ನು ನೋಡಿ ‘ಸದಸ್ಯ.ಭಾಷೆ ಈಸ್ ನನ್’ ಎಂದು ತಿದ್ದಿದ ಕೂಡಲೇ, ಕಾಲಂ ಎಂಬ ಪೈಥಾನ್ ವಸ್ತು ‘ನನ್’ ಅಲ್ಲವಾದ್ದರಿಂದ ಅದು ಅಲ್ಲಿಂದಲ್ಲಿಗೇ ‘ಸುಳ್ಳು’ ಆಗುತ್ತದೆ, ಡೇಟಾಬೇಸಿಗೆ ಹೋಗುವ ಷರತ್ತು ‘ಸುಳ್ಳು’ ಎಂದಷ್ಟೇ ಉಳಿಯುತ್ತದೆ, ಒಂದು ಸಾಲೂ ಬರುವುದಿಲ್ಲ. ಲಿಂಟರನ್ನೂ ಸಮಾಧಾನಪಡಿಸಿ ಕ್ವೆರಿಯನ್ನೂ ಉಳಿಸುವ ದಾರಿ ಎಂದರೆ ಕಾಲಂನ ‘ಈಸ್_’ ಮತ್ತು ‘ಈಸ್_ನಾಟ್’ ಎಂಬ ಮೆಥಡ್‌ಗಳು. ಎರಡನೆಯದರ ಹೆಸರು 1.4ನೇ ಆವೃತ್ತಿಗಿಂತ ಮೊದಲು ಮಧ್ಯದ ಗೆರೆಯಿಲ್ಲದೆ ‘ಈಸ್‌ನಾಟ್’ ಎಂದಿತ್ತು, ಹಳೆಯ ಕೋಡಿನಲ್ಲಿ ಅದು ಕಂಡರೆ ಗಾಬರಿಯಾಗಬೇಕಿಲ್ಲ.

ಪಟ್ಟಿಯೊಳಗೆ ನಲ್ ಸೇರಿಸಿ ‘ಇನ್’ ಎಂದು ಕೇಳಬಹುದೇ? ‘ನಾಟ್ ಇನ್’ ಬಳಸಿದಾಗ ಏನೂ ಬಾರದಿರುವುದು ಏಕೆ?

‘ಕನ್ನಡ ಅಥವಾ ನಲ್’ ಎಂಬ ಪಟ್ಟಿಯನ್ನು ಆಕ್ಟಿವ್ ರೆಕಾರ್ಡ್‌ಗೆ ಕೊಟ್ಟರೆ ಅದು ಜಾಣತನದಿಂದ ‘ಭಾಷೆ = ಕನ್ನಡ ಆರ್ ಭಾಷೆ ಈಸ್ ನಲ್’ ಎಂದು ಒಡೆಯುತ್ತದೆ. ಜಾಂಗೋ ಪಟ್ಟಿಯಿಂದ ‘ನನ್’ ಅನ್ನು ತೆಗೆದುಹಾಕುತ್ತದೆ, ಆದ್ದರಿಂದ 4 ಸಾಲುಗಳಷ್ಟೇ ಬರುತ್ತವೆ. ಎಸ್‌ಕ್ಯುಎಲ್‌ಆಲ್ಕೆಮಿ ಪಟ್ಟಿಯನ್ನು ಇದ್ದ ಹಾಗೆ ಕಳುಹಿಸುತ್ತದೆ; ನಲ್ ಅಲ್ಲಿ ಇದ್ದೂ ಇಲ್ಲದಂತೆ.

‘ಇನ್’ನಲ್ಲಿ ಇದು ಕೆಲವು ಸಾಲುಗಳ ನಷ್ಟ ಮಾತ್ರ, ‘ನಾಟ್ ಇನ್’ನಲ್ಲಿ ಸರ್ವನಾಶ. ಕಳೆದ ಹಂಗಾಮಿನಲ್ಲಿ ಅಡಿಕೆ ಕೊಡದ ಸದಸ್ಯರ ಪಟ್ಟಿ ಬೇಕು ಎಂದಿಟ್ಟುಕೊಳ್ಳಿ. ಖರೀದಿ ಕೋಷ್ಟಕದಿಂದ ಸದಸ್ಯ ಸಂಖ್ಯೆಗಳನ್ನು ತೆಗೆಯುವ ಒಳಕ್ವೆರಿ ಬರೆದು, ಆ ಸಂಖ್ಯೆಗಳ ‘ನಾಟ್ ಇನ್’ ಎಂದು ಕೇಳುತ್ತೀರಿ. ಆದರೆ ಖರೀದಿ ಕೇಂದ್ರದಲ್ಲಿ ಸದಸ್ಯರಲ್ಲದವರೂ ಮಾಲು ಹಾಕಿರುತ್ತಾರೆ, ಅವರ ಸಾಲಿನಲ್ಲಿ ಸದಸ್ಯ ಸಂಖ್ಯೆ ನಲ್. ‘5 ನಾಟ್ ಇನ್ 1, 2, ನಲ್’ ಎಂಬುದನ್ನು ಡೇಟಾಬೇಸ್ ‘5 != 1, ಆಂಡ್ 5 != 2, ಆಂಡ್ 5 != ನಲ್’ ಎಂದು ಓದುತ್ತದೆ. ಮೊದಲ ಎರಡು ನಿಜ, ಮೂರನೆಯದು ‘ತಿಳಿಯದು’, ಆದ್ದರಿಂದ ಒಟ್ಟು ಫಲವೂ ‘ತಿಳಿಯದು’. ಯಾವ ಸದಸ್ಯರನ್ನು ತೆಗೆದುಕೊಂಡರೂ ಉತ್ತರ ‘ಸುಳ್ಳು’ ಅಥವಾ ‘ತಿಳಿಯದು’ ಆಗುತ್ತದೆಯೇ ಹೊರತು ‘ನಿಜ’ ಆಗಲು ಸಾಧ್ಯವೇ ಇಲ್ಲ. ಸಾವಿರಾರು ಖರೀದಿ ಸಾಲುಗಳ ನಡುವೆ ಒಂದೇ ಒಂದು ನಲ್ ಇದ್ದರೂ ವರದಿ ಖಾಲಿಯಾಗಿ ಬರುತ್ತದೆ, ಮತ್ತು ಖಾಲಿ ವರದಿಯನ್ನು ನೋಡಿದ ಆಡಳಿತ ಮಂಡಳಿ ಎಲ್ಲ ಸದಸ್ಯರೂ ಅಡಿಕೆ ಕೊಟ್ಟಿದ್ದಾರೆ ಎಂದು ಸಂತೋಷಪಡುತ್ತದೆ.

ಓಆರ್‌ಎಂ ಇಲ್ಲಿ ಕಾಪಾಡುತ್ತದೆ ಎಂದು ನಂಬಿ ಕೂರಬಾರದು. ಒಳಕ್ವೆರಿಯಲ್ಲಿ ‘ಸದಸ್ಯ ಸಂಖ್ಯೆ ಈಸ್ ನಾಟ್ ನಲ್’ ಎಂದು ಸೇರಿಸಿದರೆ ಸಮಸ್ಯೆ ತೀರುತ್ತದೆ. ಅದಕ್ಕಿಂತ ಒಳ್ಳೆಯದು ‘ನಾಟ್ ಎಕ್ಸಿಸ್ಟ್ಸ್’: ಅದು ಹೊಂದುವ ಸಾಲು ಇದೆಯೇ ಇಲ್ಲವೇ ಎಂದಷ್ಟೇ ನೋಡುವುದರಿಂದ ನಲ್‌ನ ತೊಡಕು ಅದಕ್ಕೆ ತಟ್ಟುವುದಿಲ್ಲ. ಜಾಂಗೋದಲ್ಲಿ ‘ಎಕ್ಸಿಸ್ಟ್ಸ್’ ಮತ್ತು ‘ಔಟರ್‌ರೆಫ್’ ಜೋಡಿಯಿಂದ ಇದನ್ನು ಬರೆಯಬಹುದು, ಉಳಿದ ದೊಡ್ಡ ಓಆರ್‌ಎಂಗಳಲ್ಲಿಯೂ ಸಮಾನವಾದ ದಾರಿಗಳಿವೆ.

ಎರಡು ಕಾಲಂಗಳನ್ನು ಹೋಲಿಸುವಾಗ ಎರಡರಲ್ಲೂ ನಲ್ ಇರಬಹುದಾದರೆ ಏನು ಮಾಡಬೇಕು?

ಗಡಿನಾಡಿನಲ್ಲಿ ಇದು ನಿತ್ಯದ ಪ್ರಶ್ನೆ. ಮನೆ ಎಣ್ಮಕಜೆಯಲ್ಲಿ, ಅಂದರೆ ಮಂಜೇಶ್ವರ ತಾಲೂಕಿನಲ್ಲಿ. ತೋಟ ಗಡಿಯಾಚೆ ಬಂಟ್ವಾಳ ತಾಲೂಕಿನಲ್ಲಿ. ಮನೆಯ ತಾಲೂಕು ಮತ್ತು ತೋಟದ ತಾಲೂಕು ಬೇರೆಯಾಗಿರುವ ಸದಸ್ಯರು ಬೇಕು ಎಂದು ‘!=’ ಬಳಸಿದರೆ, ಎರಡರಲ್ಲಿ ಒಂದು ನಲ್ ಇರುವ ಸಾಲುಗಳು ಬಿಟ್ಟುಹೋಗುತ್ತವೆ. ದಾಖಲೆ ಸರಿಪಡಿಸಲು ಹೊರಟವರಿಗೆ ಬೇಕಾಗಿದ್ದುದು ಆ ಸಾಲುಗಳೇ ಆಗಿರಬಹುದು.

ಇದಕ್ಕಾಗಿಯೇ ಎಸ್‌ಕ್ಯುಎಲ್‌ನಲ್ಲಿ ‘ಈಸ್ ಡಿಸ್ಟಿಂಕ್ಟ್ ಫ್ರಂ’ ಎಂಬ ಹೋಲಿಕೆ ಇದೆ. ಎರಡೂ ನಲ್ ಆದರೆ ಬೇರೆಯಲ್ಲ, ಒಂದು ಮಾತ್ರ ನಲ್ ಆದರೆ ಬೇರೆ. ‘ತಿಳಿಯದು’ ಎಂಬ ಉತ್ತರ ಇದರಿಂದ ಬರುವುದೇ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಇದು ಬಹಳ ಹಿಂದಿನಿಂದ ಇದೆ, ಎಸ್‌ಕ್ಯುಎಲ್ ಸರ್ವರ್‌ಗೆ 2022ರ ಆವೃತ್ತಿಯಲ್ಲಿ ಬಂತು. ಮೈಎಸ್‌ಕ್ಯುಎಲ್‌ನಲ್ಲಿ ಇದರ ಬದಲು ‘<=>’ ಎಂಬ ಚಿಹ್ನೆ ನಲ್ ಸಹಿತವಾದ ಸಮತೆಯನ್ನು ನೋಡುತ್ತದೆ, ಎಸ್‌ಕ್ಯುಲೈಟ್‌ನಲ್ಲಿ ‘ಈಸ್’ ಮತ್ತು ‘ಈಸ್ ನಾಟ್’ ಎಂಬವನ್ನೇ ಯಾವ ಎರಡು ಬೆಲೆಗಳ ನಡುವೆಯೂ ಬಳಸಬಹುದು. ಎಸ್‌ಕ್ಯುಎಲ್‌ಆಲ್ಕೆಮಿಯ ‘ಈಸ್_ಡಿಸ್ಟಿಂಕ್ಟ್_ಫ್ರಂ’ ಆಯಾ ಡೇಟಾಬೇಸಿಗೆ ತಕ್ಕ ರೂಪವನ್ನು ತಾನೇ ಆರಿಸುತ್ತದೆ, ಹೈಬರ್ನೇಟ್ 6ರ ಎಚ್‌ಕ್ಯುಎಲ್‌ನಲ್ಲಿಯೂ ಈ ಹೋಲಿಕೆಯನ್ನು ಬರೆಯಬಹುದು. ಸಿದ್ಧ ಹೋಲಿಕೆ ಸಿಗದ ಕಡೆ ಉದ್ದದ ದಾರಿಯೇ ಗತಿ: ‘ಎರಡೂ ಬೇರೆ, ಅಥವಾ ಮೊದಲನೆಯದು ನಲ್ ಆಗಿ ಎರಡನೆಯದು ನಲ್ ಅಲ್ಲ, ಅಥವಾ ಇದರ ತಿರುಗುಮುರುಗು’. ಇಂಥ ಷರತ್ತನ್ನು ಹತ್ತು ಕಡೆ ನಕಲು ಮಾಡದೆ ಹೆಸರಿಟ್ಟ ಒಂದು ಫಂಕ್ಷನ್ನಿನಲ್ಲಿ ಇಡಿ.

ಪೋಸ್ಟ್‌ಗ್ರೆಸ್ ಬಳಸುವವರು ಒಂದನ್ನು ಗಮನಿಸಬೇಕು: ‘ಈಸ್ ನಾಟ್ ಡಿಸ್ಟಿಂಕ್ಟ್ ಫ್ರಂ’ ಎಂಬುದಕ್ಕೆ ಅಲ್ಲಿ ಸಾಮಾನ್ಯ ‘=’ನಂತೆ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ನೆರವಾಗುವುದಿಲ್ಲ. ದೊಡ್ಡ ಕೋಷ್ಟಕದಲ್ಲಿ ಎಲ್ಲೆಡೆ ಇದನ್ನೇ ಬಳಸಿದರೆ ಕ್ವೆರಿ ನಿಧಾನವಾಗುತ್ತದೆ.

ಷರತ್ತಿನಲ್ಲಿ ‘ಅನ್‌ಡಿಫೈನ್ಡ್’ ಹೋದರೆ ನಲ್ ಹೋದಂತೆಯೇ?

ಜಾವಾಸ್ಕ್ರಿಪ್ಟ್ ಮತ್ತು ಟೈಪ್‌ಸ್ಕ್ರಿಪ್ಟ್‌ನಲ್ಲಿ ಕೆಲಸ ಮಾಡುವವರು ಈ ಉತ್ತರವನ್ನು ಎರಡು ಸಲ ಓದಬೇಕು. ಪ್ರಿಸ್ಮಾದಲ್ಲಿ ‘ನಲ್’ ಒಂದು ಬೆಲೆ, ಅದು ‘ಈಸ್ ನಲ್’ ಆಗುತ್ತದೆ. ‘ಅನ್‌ಡಿಫೈನ್ಡ್’ ಎಂದರೆ ರೂಢಿಯ ನಡತೆಯಲ್ಲಿ ‘ಈ ಷರತ್ತೇ ಇಲ್ಲ’ ಎಂದು ಅರ್ಥ. ಫಾರಂನಿಂದ ಬರಬೇಕಾದ ಸದಸ್ಯ ಸಂಖ್ಯೆ ಬಾರದೆ ‘ಅನ್‌ಡಿಫೈನ್ಡ್’ ಆಗಿದ್ದರೆ, ಒಬ್ಬ ಸದಸ್ಯರ ಮೊಬೈಲ್ ಸಂಖ್ಯೆಯನ್ನು ತಿದ್ದಲು ಬರೆದ ‘ಅಪ್‌ಡೇಟ್ ಮೆನಿ’ ಷರತ್ತಿಲ್ಲದ ಆಜ್ಞೆಯಾಗಿ ಎಲ್ಲ ಸದಸ್ಯರ ಸಂಖ್ಯೆಯನ್ನೂ ಬದಲಾಯಿಸಬಹುದು. ‘ಡಿಲೀಟ್ ಮೆನಿ’ ಆದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಟೈಪ್‌ಓಆರ್‌ಎಂ 0.3 ಸರಣಿಯ ರೂಢಿಯ ನಡತೆ ಇನ್ನೂ ಒಂದು ಹೆಜ್ಜೆ ಮುಂದೆ: ‘ಫೈಂಡ್’ನ ಷರತ್ತಿನಲ್ಲಿ ‘ನಲ್’ ಕೊಟ್ಟರೂ ಅದನ್ನು ಬಿಟ್ಟುಬಿಡುತ್ತದೆ, ನಲ್ ಹುಡುಕಲು ‘ಈಸ್‌ನಲ್’ ಎಂಬ ಫಂಕ್ಷನನ್ನೇ ಕರೆಯಬೇಕು. ಸೀಕ್ವೆಲೈಜ್ 5ನೇ ಆವೃತ್ತಿಯಿಂದ ‘ವೇರ್’ನಲ್ಲಿ ‘ಅನ್‌ಡಿಫೈನ್ಡ್’ ಕಂಡರೆ ಎರರ್ ಕೊಡುತ್ತದೆ, ಮೂರರಲ್ಲಿ ನನಗೆ ಹಿಡಿಸುವುದು ಇದೇ.

ನಲ್‌ನಿಂದ ಸಾಲುಗಳು ಕಡಿಮೆ ಬರುವುದು ಒಂದು ಬಗೆಯ ತೊಂದರೆ, ಅನ್‌ಡಿಫೈನ್ಡ್‌ನಿಂದ ಸಾಲುಗಳು ಹೆಚ್ಚು ಬರುವುದು ಇನ್ನೊಂದು ಬಗೆ, ಮತ್ತು ಎರಡನೆಯದರಲ್ಲಿ ಒಬ್ಬರ ಮಾಹಿತಿ ಇನ್ನೊಬ್ಬರ ಪರದೆಯ ಮೇಲೆ ಕಾಣಿಸಬಹುದು. ಹೊರಗಿನಿಂದ ಬಂದ ಬೆಲೆಗಳನ್ನು ಕ್ವೆರಿಗೆ ಕೊಡುವ ಮೊದಲೇ ಪರೀಕ್ಷಿಸಿ ತಡೆಯುವುದು ಇಲ್ಲಿ ಕಡ್ಡಾಯ.

‘ಲೆಫ್ಟ್ ಜಾಯಿನ್’ ಮಾಡಿದರೂ ಖರೀದಿ ಇಲ್ಲದ ಸದಸ್ಯರು ಏಕೆ ಮಾಯವಾಗುತ್ತಾರೆ?

‘ಲೆಫ್ಟ್ ಜಾಯಿನ್’ ಮೊದಲ ಕೋಷ್ಟಕದ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು ಎರಡನೆಯದನ್ನು ಜೋಡಿಸುತ್ತದೆ, ಆದ್ದರಿಂದ ಖರೀದಿ ಇಲ್ಲದ ಸದಸ್ಯರ ಸಾಲಿನಲ್ಲಿ ಖರೀದಿ ಕೋಷ್ಟಕದ ಕಾಲಂಗಳೆಲ್ಲ ನಲ್ ಆಗಿರುತ್ತವೆ. ನಂತರ ‘ವೇರ್’ನಲ್ಲಿ ‘ಖರೀದಿಯ ವರ್ಷ = 2024’ ಎಂದು ಬರೆದರೆ ಆ ಸಾಲುಗಳಿಗೆ ಉತ್ತರ ‘ತಿಳಿಯದು’ ಆಗಿ ಅವು ಉದುರಿಹೋಗುತ್ತವೆ, ಅಂದರೆ ಜಾಯಿನ್ ಹೆಸರಿಗೆ ಮಾತ್ರ ‘ಲೆಫ್ಟ್’ ಆಗಿ ಉಳಿಯುತ್ತದೆ. ಷರತ್ತನ್ನು ‘ವೇರ್’ನಿಂದ ತೆಗೆದು ಜಾಯಿನ್‌ನ ‘ಆನ್’ ಭಾಗಕ್ಕೆ ಸಾಗಿಸಬೇಕು. ಜಾಂಗೋದಲ್ಲಿ ಇದಕ್ಕೆ ‘ಫಿಲ್ಟರ್ಡ್ ರಿಲೇಷನ್’ ಇದೆ.

ವಿಂಗಡಣೆ, ಎಣಿಕೆ, ಮೊತ್ತಗಳಲ್ಲಿ ನಲ್ ಹೇಗೆ ನಡೆದುಕೊಳ್ಳುತ್ತದೆ?

ಮನೆ ಹೆಸರಿನ ಪ್ರಕಾರ ಏರಿಕೆಯ ಕ್ರಮದಲ್ಲಿ ಜೋಡಿಸಿದರೆ, ಮನೆ ಹೆಸರು ನಲ್ ಆಗಿರುವವರು ಪೋಸ್ಟ್‌ಗ್ರೆಸ್ ಮತ್ತು ಒರಾಕಲ್‌ನಲ್ಲಿ ಕೊನೆಗೆ ಬರುತ್ತಾರೆ, ಮೈಎಸ್‌ಕ್ಯುಎಲ್, ಎಸ್‌ಕ್ಯುಲೈಟ್, ಎಸ್‌ಕ್ಯುಎಲ್ ಸರ್ವರ್‌ಗಳಲ್ಲಿ ಮೊದಲಿಗೆ ಬರುತ್ತಾರೆ. ‘ನಲ್ಸ್ ಫಸ್ಟ್’ ಅಥವಾ ‘ನಲ್ಸ್ ಲಾಸ್ಟ್’ ಎಂದು ಸ್ಪಷ್ಟವಾಗಿ ಹೇಳುವ ಸೌಲಭ್ಯ ಹೆಚ್ಚಿನ ಓಆರ್‌ಎಂಗಳಲ್ಲಿದೆ.

ಎಣಿಕೆಯಲ್ಲಿ ನಕ್ಷತ್ರ ಚಿಹ್ನೆಯ ‘ಕೌಂಟ್’ 10 ಎನ್ನುತ್ತದೆ, ಭಾಷೆಯ ಕಾಲಂನ ‘ಕೌಂಟ್’ 7 ಎನ್ನುತ್ತದೆ. ಸರಾಸರಿ ತೆಗೆಯುವಾಗ ನಲ್ ಇರುವ ಸಾಲುಗಳು ಭಾಜಕದಲ್ಲಿಯೂ ಸೇರುವುದಿಲ್ಲ. ಒಂದು ಸಾಲೂ ಇಲ್ಲದಿದ್ದರೆ ಮೊತ್ತ ಸೊನ್ನೆಯಲ್ಲ, ನಲ್, ಜಾಂಗೋ 4.0ರಿಂದ ‘ಸಮ್’ಗೆ ‘ಡಿಫಾಲ್ಟ್’ ಕೊಟ್ಟು ಸೊನ್ನೆ ಪಡೆಯಬಹುದು. ವಿಚಿತ್ರವೆಂದರೆ ‘ಗ್ರೂಪ್ ಬೈ’ ಮತ್ತು ‘ಡಿಸ್ಟಿಂಕ್ಟ್’ ಮಾಡುವಾಗ ಇದೇ ಎಸ್‌ಕ್ಯುಎಲ್ ಎಲ್ಲ ನಲ್‌ಗಳನ್ನೂ ಒಂದೇ ಗುಂಪಿಗೆ ಹಾಕುತ್ತದೆ: ಹೋಲಿಸುವಾಗ ಸಮವಲ್ಲದವು ಗುಂಪು ಮಾಡುವಾಗ ಒಂದಾಗುತ್ತವೆ. ಮೇಲಿನ ನೋಟೀಸಿನ ತಪ್ಪನ್ನು ಹಿಡಿಯಲು ಇದೇ ಸುಲಭದ ಉಪಾಯ. ಭಾಷೆಯ ಪ್ರಕಾರ ಗುಂಪು ಮಾಡಿ ಎಣಿಸಿದರೆ 4, 3, 3 ಎಂಬ ಮೂರು ಸಾಲುಗಳು ಕಣ್ಣಿಗೆ ಕಾಣುತ್ತವೆ.

ಹೆಸರು ಮತ್ತು ಮನೆ ಹೆಸರನ್ನು ಜೋಡಿಸಿದಾಗ ಪೂರ್ಣ ಹೆಸರೇ ಮಾಯವಾಯಿತು. ಏಕೆ?

ಎರಡು ಸ್ಟ್ರಿಂಗ್‌ಗಳನ್ನು ಜೋಡಿಸುವಾಗ ಒಂದು ನಲ್ ಆದರೆ ಫಲವೂ ನಲ್ ಎಂಬುದು ಎಸ್‌ಕ್ಯುಎಲ್ ಮಾನಕದ ನಿಯಮ. ಪೋಸ್ಟ್‌ಗ್ರೆಸ್‌ನ ಎರಡು ಕಂಬದ ಚಿಹ್ನೆಯೂ ಮೈಎಸ್‌ಕ್ಯುಎಲ್‌ನ ‘ಕಾನ್‌ಕ್ಯಾಟ್’ ಕೂಡ ಇದನ್ನು ಪಾಲಿಸುತ್ತವೆ, ಪೋಸ್ಟ್‌ಗ್ರೆಸ್‌ನ ‘ಕಾನ್‌ಕ್ಯಾಟ್’ ಫಂಕ್ಷನ್ ಮಾತ್ರ ನಲ್ ಅನ್ನು ಬಿಟ್ಟು ಉಳಿದದ್ದನ್ನು ಜೋಡಿಸುತ್ತದೆ. ಜೋಡಿಸುವ ಮೊದಲು ‘ಕೋಲೆಸ್’ ಬಳಸಿ ನಲ್ ಜಾಗದಲ್ಲಿ ಖಾಲಿ ಸ್ಟ್ರಿಂಗ್ ಇಡಿ.

ಹಾಗಾದರೆ ಎಲ್ಲ ಹೋಲಿಕೆಗಳಲ್ಲಿಯೂ ‘ಕೋಲೆಸ್’ ಬಳಸಿದರೆ ಸಾಲದೇ?

ಸಾಲದು, ಎರಡು ಕಾರಣಗಳಿಂದ. ಕಾಲಂನ್ನು ಫಂಕ್ಷನ್ನಿನೊಳಗೆ ಸುತ್ತಿದಾಗ ಆ ಕಾಲಂನ ಸಾಮಾನ್ಯ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ; ಆ ಫಂಕ್ಷನ್ ಸೇರಿದ ರೂಪಕ್ಕೇ ಪ್ರತ್ಯೇಕ ಇಂಡೆಕ್ಸ್ ಮಾಡಬೇಕಾಗುತ್ತದೆ. ಪೋಸ್ಟ್‌ಗ್ರೆಸ್‌ನ ಸಾಮಾನ್ಯ ಬಿ-ಟ್ರೀ ಇಂಡೆಕ್ಸ್ ನಲ್‌ಗಳನ್ನೂ ಇಟ್ಟುಕೊಳ್ಳುವುದರಿಂದ ‘ಈಸ್ ನಲ್’ ಎಂಬ ನೇರ ಷರತ್ತಿಗೆ ಅದು ಒದಗುತ್ತದೆ. ಒರಾಕಲ್‌ನಲ್ಲಿ ಒಂದೇ ಕಾಲಂನ ಬಿ-ಟ್ರೀ ಇಂಡೆಕ್ಸಿನಲ್ಲಿ ನಲ್ ಸಾಲುಗಳು ಇರುವುದೇ ಇಲ್ಲ. ಇನ್ನೊಂದು ಕಾರಣ: ನಲ್ ಬದಲಿಗೆ ಇಟ್ಟ ಬೆಲೆ ಮುಂದೊಂದು ದಿನ ನಿಜವಾದ ಬೆಲೆಯಾಗಿಯೂ ಬರಬಹುದು. ದರ ಗೊತ್ತಿಲ್ಲದ ಕಡೆ -1 ಇಟ್ಟು ಹೋಲಿಸುವ ಕೋಡ್, ಅದೇ -1 ಅನ್ನು ಮೊತ್ತಕ್ಕೆ ಸೇರಿಸಿದ ದಿನ ಲೆಕ್ಕಪರಿಶೋಧಕರ ಕಣ್ಣಿಗೆ ಬೀಳುತ್ತದೆ.

ಮೊಬೈಲ್ ಸಂಖ್ಯೆ ಯೂನಿಕ್ ಆಗಿರಬೇಕು, ಆದರೆ ಹಲವರಿಗೆ ಮೊಬೈಲ್ ಇಲ್ಲ. ಏನು ಮಾಡಬೇಕು?

ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಎಸ್‌ಕ್ಯುಲೈಟ್‌ಗಳಲ್ಲಿ ಯೂನಿಕ್ (ಒಂದೇ ಬೆಲೆ ಎರಡು ಸಾಲುಗಳಲ್ಲಿ ಬರಬಾರದ) ಕಾಲಂನಲ್ಲಿ ಎಷ್ಟು ನಲ್‌ಗಳಾದರೂ ಇರಬಹುದು, ಆದ್ದರಿಂದ ಮೊಬೈಲ್ ಇಲ್ಲದವರಿಗೆ ಖಾಲಿ ಸ್ಟ್ರಿಂಗ್ ಬದಲು ನಲ್ ಇಡಬೇಕು. ಖಾಲಿ ಸ್ಟ್ರಿಂಗ್ ಆದರೆ ಎರಡನೆಯವರನ್ನು ಸೇರಿಸುವಾಗಲೇ ಎರರ್ ಬರುತ್ತದೆ. ಪಠ್ಯದ ಕಾಲಂಗಳಿಗೆ ನಲ್ ಬೇಡ ಎಂದು ಸಲಹೆ ಕೊಡುವ ಜಾಂಗೋ ಕೂಡ ಈ ಒಂದು ಸಂದರ್ಭಕ್ಕೆ ವಿನಾಯಿತಿ ಕೊಡುತ್ತದೆ. ಎಸ್‌ಕ್ಯುಎಲ್ ಸರ್ವರ್ ಒಂದೇ ನಲ್ ಅನ್ನು ಒಪ್ಪುತ್ತದೆ, ಅಲ್ಲಿ ‘ಈಸ್ ನಾಟ್ ನಲ್’ ಷರತ್ತಿನ ಫಿಲ್ಟರ್ಡ್ ಇಂಡೆಕ್ಸ್ ಬೇಕು. ಇದಕ್ಕೆ ವಿರುದ್ಧವಾಗಿ ಒಂದಕ್ಕಿಂತ ಹೆಚ್ಚು ನಲ್ ಬೇಡವೇ ಬೇಡ ಎನ್ನುವವರಿಗೆ ಪೋಸ್ಟ್‌ಗ್ರೆಸ್ 15ರಲ್ಲಿ ‘ನಲ್ಸ್ ನಾಟ್ ಡಿಸ್ಟಿಂಕ್ಟ್’ ಬಂದಿದೆ, ಜಾಂಗೋ 5.0ರಿಂದ ಅದನ್ನು ಮಾಡೆಲ್‌ನಲ್ಲಿಯೇ ಹೇಳಬಹುದು.

ತೊಂದರೆಯೇ ಬೇಡವೆಂದು ಎಲ್ಲ ಕಾಲಂಗಳನ್ನೂ ‘ನಾಟ್ ನಲ್’ ಮಾಡಬಹುದೇ?

ಎಲ್ಲಿ ಬೆಲೆ ಇದ್ದೇ ಇರುತ್ತದೆಯೋ ಅಲ್ಲಿ ಖಂಡಿತವಾಗಿ ಮಾಡಬೇಕು. ಬೆಲೆ ಇರದಿರುವ ಸಾಧ್ಯತೆ ನಿಜವಾಗಿ ಇರುವಲ್ಲಿ ಒತ್ತಾಯ ಮಾಡಿದರೆ ಕಸ ತುಂಬುತ್ತದೆ. ನಮ್ಮ ಕಡೆ ಹೆಸರಿನ ಹಿಂದೆ ಇನಿಶಿಯಲ್ ಅಥವಾ ಮನೆ ಹೆಸರು ಇರುತ್ತದೆ, ಸರ್‌ನೇಮ್ ಇಲ್ಲದವರು ಎಷ್ಟೋ ಮಂದಿ. ‘ಕೊನೆಯ ಹೆಸರು’ ಕಡ್ಡಾಯ ಎಂದಿರುವ ಸಾಫ್ಟ್‌ವೇರಿನಲ್ಲಿ ಡೇಟಾ ಎಂಟ್ರಿ ಮಾಡುವವರು ಒಂದು ಚುಕ್ಕೆ, ಒಂದು ಅಡ್ಡಗೆರೆ, ‘ಇಲ್ಲ’, ‘ಎನ್‌ಎ’ ಎಂದು ಕೈಗೆ ಬಂದದ್ದನ್ನು ಹಾಕಿ ಮುಂದೆ ಹೋಗುತ್ತಾರೆ. ಆಮೇಲೆ ‘ಈಸ್ ನಲ್’ ಎಂಬ ಒಂದೇ ಷರತ್ತಿನಲ್ಲಿ ಸಿಗಬೇಕಾಗಿದ್ದ ಸಾಲುಗಳನ್ನು ನಾಲ್ಕೈದು ಬಗೆಯ ಕಸದ ನಡುವೆ ಹುಡುಕಬೇಕಾಗುತ್ತದೆ.

ಸೂಚನಾ ಭಾಷೆಯ ಕಾಲಂ ಬೇರೆ ಬಗೆಯದು. ‘ಕನ್ನಡ’, ‘ಮಲಯಾಳ’, ‘ಎರಡೂ’, ‘ಕೇಳಿಲ್ಲ’ ಎಂಬ ನಾಲ್ಕೇ ಬೆಲೆಗಳನ್ನಿಟ್ಟು ‘ನಾಟ್ ನಲ್’ ಮಾಡುವುದು ಸೂಕ್ತ. ಹಳೆಯ ಸಾಲುಗಳಿಗೆ ಒಟ್ಟಾರೆಯಾಗಿ ಒಂದು ಭಾಷೆಯನ್ನು ಊಹಿಸಿ ತುಂಬಬಾರದು. ‘ಕೇಳಿಲ್ಲ’ ಎಂದು ತುಂಬಿ, ಅವರಿಗೆ ಎರಡೂ ಭಾಷೆಗಳ ನೋಟೀಸನ್ನು ಕಳುಹಿಸುವುದು ನ್ಯಾಯ. ಸದಸ್ಯತ್ವ ರದ್ದಾದ ದಿನದ ಕಾಲಂನಲ್ಲಿ ನಲ್ ಇರಬೇಕಾದದ್ದೇ, ಅಲ್ಲಿ 9999ನೇ ಇಸವಿಯ ಕಲ್ಪಿತ ದಿನಾಂಕವನ್ನು ಇಟ್ಟರೆ ಹೊಸ ತೊಡಕುಗಳು ಹುಟ್ಟುತ್ತವೆ.

‘ಚೆಕ್’ ನಿರ್ಬಂಧದ ವಿಷಯದಲ್ಲಿ ಒಂದು ಎಚ್ಚರ. ‘ತೂಕ > 0’ ಎಂಬ ನಿರ್ಬಂಧ ನಲ್ ಅನ್ನು ತಡೆಯುವುದಿಲ್ಲ, ಏಕೆಂದರೆ ‘ವೇರ್’ಗೆ ತದ್ವಿರುದ್ಧವಾಗಿ ‘ಚೆಕ್’ ಎಂಬುದು ಉತ್ತರ ‘ಸುಳ್ಳು’ ಆದಾಗ ಮಾತ್ರ ತಡೆಯುತ್ತದೆ, ‘ತಿಳಿಯದು’ ಎಂಬುದನ್ನು ಒಳಗೆ ಬಿಡುತ್ತದೆ.

ಓಆರ್‌ಎಂ ನಿಜವಾಗಿ ಏನನ್ನು ಕಳುಹಿಸುತ್ತಿದೆ ಎಂದು ತಿಳಿಯುವುದು ಹೇಗೆ?

ಜಾಂಗೋದಲ್ಲಿ ಕ್ವೆರಿಸೆಟ್‌ನ ‘ಕ್ವೆರಿ’ಯನ್ನು ಪ್ರಿಂಟ್ ಮಾಡಬಹುದು, ಎಸ್‌ಕ್ಯುಎಲ್‌ಆಲ್ಕೆಮಿಯಲ್ಲಿ ಎಂಜಿನ್ ಕಟ್ಟುವಾಗ ‘ಎಕೋ’ ಚಾಲೂ ಮಾಡಬಹುದು, ರೇಲ್ಸ್‌ನಲ್ಲಿ ‘ಟು_ಎಸ್‌ಕ್ಯುಎಲ್’, ಎಲೊಕ್ವೆಂಟ್‌ನಲ್ಲಿ ‘ಟುಎಸ್‌ಕ್ಯುಎಲ್’, ಎಂಟಿಟಿ ಫ್ರೇಮ್‌ವರ್ಕ್ ಕೋರ್‌ನಲ್ಲಿ ‘ಟುಕ್ವೆರಿಸ್ಟ್ರಿಂಗ್’ ಇವೆ. ಪರೀಕ್ಷೆಗಳನ್ನು ಎಸ್‌ಕ್ಯುಲೈಟ್‌ನಲ್ಲಿ ನಡೆಸಿ ನಿಜವಾದ ಕೆಲಸವನ್ನು ಪೋಸ್ಟ್‌ಗ್ರೆಸ್‌ನಲ್ಲಿ ಮಾಡುವ ತಂಡಗಳು ವಿಂಗಡಣೆಯ ಕ್ರಮದಲ್ಲಿಯೇ ವ್ಯತ್ಯಾಸ ಕಾಣುತ್ತವೆ, ಆದ್ದರಿಂದ ಎರಡಕ್ಕೂ ಒಂದೇ ಡೇಟಾಬೇಸನ್ನು ಬಳಸುವುದು ಉತ್ತಮ. ಪರೀಕ್ಷೆಯ ಮಾಹಿತಿಯಲ್ಲಿ ನಲ್ ಬರಬಹುದಾದ ಪ್ರತಿ ಕಾಲಂಗೂ ಕನಿಷ್ಠ ಒಂದು ನಲ್ ಸಾಲನ್ನು ಇಡಿ, ಮತ್ತು ಒಂದು ಷರತ್ತಿಗೂ ಅದರ ನಿರಾಕರಣೆಗೂ ಬರುವ ಸಾಲುಗಳನ್ನು ಕೂಡಿಸಿ ಒಟ್ಟು ಸಾಲುಗಳೊಂದಿಗೆ ತಾಳೆ ನೋಡುವ ಪರೀಕ್ಷೆಯೊಂದನ್ನು ಬರೆಯಿರಿ. ತಾಳೆಯಾಗದಿದ್ದರೆ ಎಷ್ಟು ಕಡಿಮೆಯಾಯಿತೋ ಅಷ್ಟು ನಲ್‌ಗಳು ಆ ಕಾಲಂನಲ್ಲಿವೆ.